ಕಟ್ಟದೆ ಬಿಟ್ಟ ಎತ್ತು

ಆ ಬೀದಿಯವರೆಲ್ಲ ಅವಳನ್ನು ಕಾಜಮ್ಮ ಎಂದೇ ಕರೆಯುತ್ತಿದ್ದರು. ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಸ್ಟೂಲು ಹಾಕಿಕೊಂಡು, ಅಂಗಿಗಳಿಗೆ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಮಾತು ಕಡಿಮೆ. "ನಮ್ಮ ಕಾಜಮ್ಮ ಮೊದಲನೇ ಗುಂಡೀನ ತಮ್ಮ ಬಾಯಿಗೇ ಹಾಕ್ಕೊಂಡುಬಿಟ್ಟಿದಾರೆ," ಎಂದು ದರ್ಜಿ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು, ಬಾಯಿ ತೆರೆಯದೆ.

ಅವಳ ಒಬ್ಬನೇ ಮಗ ಗೇಟು, ಕಿಟಕಿಯ ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರ್. ಬೀದಿಯವರ ಬಾಯಲ್ಲಿ ಅವನು ಚಿನ್ನದಂಥ ಹುಡುಗ. ಕುಡಿಯುವವನಲ್ಲ, ಸೇದುವವನಲ್ಲ, ಯಾರ ಮನೆಯ ಚಿಲಕ ಕಿತ್ತುಹೋದರೂ ಪುಕ್ಕಟೆ ಹಾಕಿಕೊಡುತ್ತಿದ್ದ. ಅವನ ಹೆಂಡತಿ ಮನೆ ಬಿಟ್ಟು ಹೋದಾಗ ಜನ ಬೈದದ್ದು ಹೆಂಡತಿಯನ್ನೇ. ಅವಳ ಎಡಗೈ ಯಾಕೆ ನೆಟ್ಟಗಾಗುವುದಿಲ್ಲ ಎಂಬುದು ಮನೆಯೊಳಗಿನವರಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಏನಾಯ್ತಮ್ಮ?" ಎಂದು ಕೇಳಿದಾಗ ಸೊಸೆ ಅತ್ತೆಯ ಮುಖ ನೋಡಿದ್ದಳು. "ಬಚ್ಚಲಲ್ಲಿ ಜಾರಿಬಿದ್ಲು," ಎಂದವಳು ಕಾಜಮ್ಮ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ದಿಗಿಲಾಯಿತು. ಅದು ಅವಳು ತನ್ನ ಅತ್ತೆಯಿಂದ ಕಲಿತ ಮಾತು.

ಕಾಜಮ್ಮ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲಿನವಳು ಮೆಟ್ಟಿಲಿಂದ ಉರುಳಿ ಸತ್ತಳು, ಪಾಪ, ಹಣೆಬರಹ ಎಂದು ಹೇಳಿ ಮದುವೆ ಮಾಡಿದ್ದರು. "ನನ್ನ ಮಗ ತುಂಬಾ ಸಾಧು. ಎದುರು ಮಾತಾಡ್ಬೇಡ, ಅಷ್ಟೇ," ಎಂದು ಅತ್ತೆ ಗಲ್ಲ ಹಿಡಿದು ಮುದ್ದಿಸಿದ್ದಳು. ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಇಬ್ಬರೂ ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ, ಕಾಜಮ್ಮನ ಒಡೆದ ತುಟಿ ನೋಡಿ ಅತ್ತೆ ಸಮಾಧಾನ ಹೇಳಿದಳು: "ನಿನಗೆ ತುಟಿ ಒಡೀತು, ಅಷ್ಟೇ ಅಂದ್ಕೋ. ಅವಳನ್ನ ಮೆಟ್ಟಿಲ ಮೇಲಿಂದ..." ಅಷ್ಟಕ್ಕೇ ನಿಲ್ಲಿಸಿ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. ಕಾಜಮ್ಮ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಮೇಜಿನ ಕೆಳಗೆ ಮಗ ಕೂತಿದ್ದ. ಅಪ್ಪ ಮನೆಯಲ್ಲಿದ್ದಾಗ ಅದೇ ಅವನ ಜಾಗ. ಅಜ್ಜಿ ಎದ್ದು ಹೋದ ಮೇಲೆ ಈಚೆ ಬಂದು, ಅಮ್ಮನ ತುಟಿಗೆ ಉಫ್ ಉಫ್ ಎಂದು ಊದಿದ್ದ.

ಆ ಮಗನೇ ದೊಡ್ಡವನಾಗಿ ಹೆಂಡತಿಯ ಮೇಲೆ ಕೈಯೆತ್ತಿದ ಮೊದಲ ದಿನ, ಹಿಂದಿನಿಂದ ನೋಡುತ್ತಿದ್ದ ಕಾಜಮ್ಮನಿಗೆ ಕಂಡದ್ದು ಸತ್ತುಹೋದ ಗಂಡನ ಬೆನ್ನು.

ಕೋರ್ಟಿನಲ್ಲಿ ಮೊದಲ ಸಂಬಂಧ ಹರಿದು ವರ್ಷವಾಗಿರಲಿಲ್ಲ, ಮಗನಿಗೆ ಇನ್ನೊಂದು ಹೆಣ್ಣು ಗೊತ್ತಾಯಿತು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಮೂವತ್ತು ದಾಟಿದವಳು. ಮಗ ಹೊಸ ಬೂಟು ಕೊಂಡ, ಮನೆಗೆ ಸುಣ್ಣ ಹೊಡೆದ. ಕಾಜಮ್ಮ ಎಲ್ಲದಕ್ಕೂ ಹೂಂ ಎಂದಳು.

ಹಾಗೆ ಹೂಂ ಎನ್ನುತ್ತಲೇ ಇದ್ದುಬಿಡುತ್ತಿದ್ದಳೋ ಏನೋ. ಆ ಭಾನುವಾರ ಪ್ರಾರ್ಥನಾಮಂದಿರದಲ್ಲಿ ಉಪದೇಶಿಗಳು ಸತ್ಯವೇದದ ಹಳೆಯ ಕಟ್ಟಳೆಗಳ ಭಾಗಕ್ಕೆ ಬಂದಿದ್ದರು. ಅದು ಎಲ್ಲರೂ ತೂಕಡಿಸುವ ಭಾಗ. ಒಬ್ಬನ ಎತ್ತು ಯಾರನ್ನೋ ಹಾಯ್ದು ಕೊಂದರೆ ಏನು ಮಾಡಬೇಕು ಎಂಬ ವಿಚಾರ. ಎತ್ತು ಅದೇ ಮೊದಲ ಸಲ ಹಾಯ್ದದ್ದಾದರೆ ಧಣಿಯ ತಪ್ಪಿಲ್ಲ. ಆದರೆ ಅದಕ್ಕೆ ಹಿಂದಿನಿಂದಲೂ ಹಾಯುವ ಚಾಳಿ ಇದ್ದು, ಧಣಿಗೆ ಅದು ತಿಳಿದಿದ್ದೂ ಕಟ್ಟಿಹಾಕದೆ ಬಿಟ್ಟಿದ್ದರೆ, ಸತ್ತವರ ರಕ್ತಕ್ಕೆ ಧಣಿಯೇ ಹೊಣೆ. ಎತ್ತಿನ ಜೊತೆ ಅವನ ಪ್ರಾಣವೂ ಹೋಗಬೇಕು.

"ಈಗ ನಮ್ಮಲ್ಲಿ ಯಾರ ಮನೇಲಿ ಎತ್ತಿದೆ ಹೇಳಿ?" ಎಂದು ಉಪದೇಶಿಗಳು ನಕ್ಕರು. ಜನರೂ ನಕ್ಕರು. ಅವರು ಹಾಳೆ ತಿರುವಿ ಮುಂದಕ್ಕೆ ಹೋದರು.

ಕಾಜಮ್ಮ ಮುಂದಕ್ಕೆ ಹೋಗಲಿಲ್ಲ. ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೇ ತನ್ನ ಗಲ್ಲ ಮುದ್ದಿಸಿದ್ದಳು. ತನಗೂ ಗೊತ್ತಿತ್ತು. ಗೊತ್ತಿದ್ದೇ ಆ ಡಾಕ್ಟರ ಮುಂದೆ ಬಚ್ಚಲಿನ ಕಥೆ ಕಟ್ಟಿದ್ದಳು. ಈ ಮಾತು ಎಷ್ಟೋ ಕಾಲದಿಂದ ಈ ಪುಸ್ತಕದಲ್ಲಿ ಬಿದ್ದಿತ್ತು. ಅತ್ತೆಯೂ ಇದೇ ಬೆಂಚಿನ ಮೇಲೆ ಕೂತು ಇದನ್ನು ಕೇಳಿಸಿಕೊಂಡಿರಬೇಕು.

ಮೊದಲು ಮಗನಿಗೇ ಹೇಳಿ ನೋಡಿದಳು. ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ.

"ಆ ಹುಡುಗೀಗೆ ನೀನೇ ಹೇಳಿಬಿಡಪ್ಪ, ಹಿಂದೆ ಹೀಗಾಗಿತ್ತು ಅಂತ."

"ಹೇಗಾಗಿತ್ತು?"

"ನಿನಗೆ ಗೊತ್ತಿಲ್ವಾ?"

ಅವನು ಬಾಚಣಿಗೆ ಕೆಳಗಿಟ್ಟು ಅಮ್ಮನ ಹತ್ತಿರ ಬಂದ. ಅವಳ ಮಣಿಕಟ್ಟು ಹಿಡಿದುಕೊಂಡು, ನಗುನಗುತ್ತಲೇ ಹಿಂಡಿದ. "ಅಮ್ಮಾ, ನಾನು ಬದಲಾಗಿದ್ದೀನಿ. ನೀನು ಸುಮ್ನೆ ಇಲ್ಲದ್ದೆಲ್ಲ ತಲೇಲಿ ತುಂಬ್ಕೋಬೇಡ." ಬಿಡುವಾಗಲೂ ನಗುತ್ತಲೇ ಇದ್ದ. ಮಾರನೆಯ ದಿನ ಕಾಜಮ್ಮನ ಬೆರಳಲ್ಲಿ ಸೂಜಿ ನಿಲ್ಲಲಿಲ್ಲ.

ಆಮೇಲೆ ಅವಳು ಹೋದದ್ದು ಹುಡುಗಿಯ ತಾಯಿಯ ಹತ್ತಿರ. ಆಕೆ ಆಸ್ಪತ್ರೆಯಲ್ಲಿ ಆಯಾ. ಕೆಲಸ ಮುಗಿಸಿ ಬಂದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಕಾಜಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಸೊಸೆಯ ಕೈಯ ವಿಷಯ, ಗಂಡನ ವಿಷಯ, ಮೆಟ್ಟಿಲಿನ ವಿಷಯ. ಆಕೆ ಬೆಚ್ಚಿಬೀಳಲಿಲ್ಲ.

"ನನಗೆ ಗೊತ್ತು ಬೀಗಿತ್ತಿ," ಎಂದಳು. "ನಿಮ್ಮ ಸೊಸೆ ಕೈ ಮುರ್ಕೊಂಡು ಬಂದ ದಿನ ಆ ವಾರ್ಡಲ್ಲೇ ಇದ್ದೆ. ಜಾರಿಬಿದ್ದ ಕೈ ಹಾಗೆ ಮುರಿಯಲ್ಲ ಅಂತ ಗುರುತಿಸೋಕೆ ಡಾಕ್ಟರೇ ಆಗಬೇಕಾ?"

"ಗೊತ್ತಿದ್ದೂ ಕೊಡ್ತಿದ್ದೀರಾ?"

"ನನ್ನ ಗಂಡನೂ ಹೊಡೀತಿದ್ದ. ಸತ್ತೆನಾ? ಕೂತಿದ್ದೀನಲ್ಲ, ನಿಮ್ಮ ಮುಂದೆ. ಅವಳಿಗೆ ವಯಸ್ಸು ಮೀರ್ತಾ ಇದೆ. ನಾನು ಕಣ್ಣು ಮುಚ್ಚಿದ ಮೇಲೆ ಅವಳಿಗೆ ಯಾರಿದಾರೆ? ನೀವು ಇರ್ತೀರಲ್ಲ ಮನೇಲಿ, ಸ್ವಲ್ಪ ನೋಡ್ಕೊಳ್ಳಿ."

"ನಾನಿದ್ದಾಗಲೇ ಅವಳ ಕೈ ಮುರಿದದ್ದು," ಎಂದಳು ಕಾಜಮ್ಮ.

ಆಕೆ ಟವೆಲ್ಲಿನಿಂದ ಕಾಲು ಒರೆಸಿಕೊಳ್ಳತೊಡಗಿದಳು.

ಉಳಿದವಳು ಹುಡುಗಿಯೊಬ್ಬಳೇ. ಕನ್ನಡಕದ ಅಂಗಡಿಗೆ ಕಾಜಮ್ಮ ಗಿರಾಕಿಯಂತೆ ಹೋದಳು. "ಬನ್ನಿ ಅತ್ತೆ," ಎಂದು ಹುಡುಗಿ ನಾಚಿಕೊಂಡು ಕುರ್ಚಿ ಎಳೆದುಕೊಟ್ಟಳು. ಭಾರದ ಫ್ರೇಮೊಂದನ್ನು ಮೂಗಿನ ಮೇಲೆ ಕೂರಿಸಿ, ಗಾಜು ಬದಲಿಸುತ್ತ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸತೊಡಗಿದಳು.

"ಈಗ ಕೊನೇ ಸಾಲು ಓದಿ."

"ನನ್ನ ಮಗ ಹೊಡೀತಾನೆ," ಎಂದಳು ಕಾಜಮ್ಮ.

ಹುಡುಗಿಯ ಬೆರಳು ಫ್ರೇಮಿನ ಮೇಲೇ ನಿಂತಿತು. ಹೊರಗೆ ಮಾಲೀಕ ಯಾರಿಗೋ ಬಿಸಿಲ ಕನ್ನಡಕ ತೋರಿಸುತ್ತಿದ್ದ.

"ಸಿಟ್ಟು ಬಂದಾಗ್ಲಾ?"

"ಸಿಟ್ಟೇ ಬರ್ಬೇಕು ಅಂತೇನಿಲ್ಲ."

"ಬೇರೆ ಯಾರಾದ್ರೂ ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ," ಎಂದಳು ಹುಡುಗಿ, ದನಿ ತಗ್ಗಿಸಿ. "ನೀವು ಹೆತ್ತ ತಾಯಿ. ನೀವು ಯಾಕೆ ಬಂದು ಹೇಳ್ತಿದ್ದೀರಿ?"

"ನನಗೆ ಯಾರೂ ಬಂದು ಹೇಳ್ಲಿಲ್ಲ, ಅದಕ್ಕೆ."

ಹುಡುಗಿ ಫ್ರೇಮನ್ನು ಮೆಲ್ಲಗೆ ತೆಗೆದಳು. "ಅವರ ಮೊದಲ ಹೆಂಡತಿ ಎಲ್ಲಿದಾರೆ?"

ಕಾರ್ಡ್‌ಬೋರ್ಡ್ ಡಬ್ಬಿ ಮಾಡುವ ಗೋದಾಮಿನ ಮೇಲಿನ ಕೋಣೆಯಲ್ಲಿ ಸೊಸೆ ಇದ್ದಳು. ಕೆಳಗೆ ಅಂಟಿನ ವಾಸನೆ. ಕಾಜಮ್ಮ ಹುಡುಗಿಯನ್ನು ಕರೆದುಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಸೊಸೆ ಬಾಗಿಲನ್ನು ಮುಖ ಕಾಣುವಷ್ಟೇ ತೆರೆದಳು. ಯಾಕೆ ಬಂದೆವೆಂದು ಕಾಜಮ್ಮ ಹೇಳಿದಾಗ, "ಆ ಹುಡುಗಿ ಬರ್ಲಿ. ನೀವು ಕೆಳಗಿರಿ," ಎಂದಳು.

ಕಾಜಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮೇಲಿನಿಂದ ಮಾತು ಕೇಳಿಸುತ್ತಿರಲಿಲ್ಲ. ಗೋದಾಮಿನ ಹೆಂಗಸರು ಡಬ್ಬಿಗಳ ಕಟ್ಟು ಹೊತ್ತು ಅವಳನ್ನು ದಾಟಿಕೊಂಡು ಓಡಾಡಿದರು. "ಸ್ವಲ್ಪ ಸರಿಯಮ್ಮ," ಎಂದರು. ಅವಳು ಸರಿದು ಸರಿದು ಗೋಡೆಗೆ ಅಂಟಿದಳು.

ಹುಡುಗಿ ಇಳಿದು ಬಂದಾಗ ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. ಏನೂ ಹೇಳದೆ ಬೀದಿಗೆ ಇಳಿದು ಹೊರಟುಹೋದಳು. ಸೊಸೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು, ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು.

"ಅವತ್ತು ಡಾಕ್ಟರ್ ಹತ್ರ ಈ ಮಾತು ಹೇಳೋಕೆ ಆಗ್ತಿರ್ಲಿಲ್ವಾ ನಿಮಗೆ?"

ಕಾಜಮ್ಮ ಕಂಬಿ ಹಿಡಿದುಕೊಂಡು ಎದ್ದಳು. "ಆಗ್ತಿತ್ತಮ್ಮ," ಎಂದಳು.

ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮದುವೆ ಮುರಿಯಿತು. ಸುದ್ದಿ ಬಂದ ಸಂಜೆ ಮಗ ಕೂಗಾಡಲಿಲ್ಲ. ಹೊಸ ಬೂಟು ಬಿಚ್ಚಿ ಜೋಡಿಸಿಟ್ಟ. ಕೈ ತೊಳೆದ. "ಊರವರ ಮುಂದೆ ನನ್ನ ಮಾನ ಕಳೆದೆ," ಎಂದ. "ಅಪ್ಪ ನಿನಗೆ ಕೊಟ್ಟಿದ್ದು ಕಡಿಮೆಯಾಯ್ತು." ಅಮ್ಮನ ತೋಳು ಹಿಡಿದು ಬಾಗಿಲವರೆಗೆ ನಡೆಸಿಕೊಂಡು ಹೋಗಿ, ಹೊರಗೆ ನೂಕಿದ. ಅವಳು ಕಲ್ಲು ಹಾಸಿನ ಮೇಲೆ ಬಿದ್ದಳು, ಸೊಂಟ ಲಟಕ್ಕೆಂದಿತು. ಅವಳ ಬಟ್ಟೆಯ ಚೀಲ ಹಿಂದೆಯೇ ಬಂದು ಬಿತ್ತು.

ಆಸ್ಪತ್ರೆಯಲ್ಲಿ ಬೇರೊಬ್ಬ ಡಾಕ್ಟರು. "ಹೇಗೆ ಬಿದ್ರಿ?"

"ಬೀಳ್ಲಿಲ್ಲ. ನನ್ನ ಮಗ ನೂಕಿದ."

ಡಾಕ್ಟರು ತಲೆಯೆತ್ತಿ ನೋಡಿದರು. ಅವಳು ಅದನ್ನೇ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ಪೊಲೀಸರು ಬಂದು ಬರೆದುಕೊಂಡು ಹೋದರು. ವರ್ಕ್‌ಶಾಪಿನ ಮಾಲೀಕ ಹೋಗಿ ಮಾತಾಡಿ ಮಗನನ್ನು ಬಿಡಿಸಿ ತಂದ. ಬೀದಿ ಅವಳ ಮೇಲೆ ತಿರುಗಿಬಿತ್ತು. ಅವಳಿಂದ ಹಾಲು ತರಿಸಿಕೊಳ್ಳುತ್ತಿದ್ದ ನೆರೆಯವಳು ಮುಖ ತಿರುಗಿಸಿದಳು. ಪ್ರಾರ್ಥನಾಮಂದಿರದ ಬೆಂಚಿನಲ್ಲಿ ಅವಳ ಅಕ್ಕಪಕ್ಕ ಖಾಲಿಯಾಯಿತು. ಉಪದೇಶಿಗಳು ಅವಳನ್ನು ಪಕ್ಕಕ್ಕೆ ಕರೆದು, "ಹೆತ್ತ ಮಗನ ಮೇಲೆ ಹೀಗೆ ಮಾಡಬಹುದಾ ಅಮ್ಮ? ಸ್ವಲ್ಪ ಹೊಟ್ಟೆಗೆ ಹಾಕ್ಕೋಬೇಕಿತ್ತು," ಎಂದರು.

"ನೀವೇ ಓದಿದ್ರಲ್ಲ ಸ್ವಾಮಿ, ಗೊತ್ತಿದ್ದೂ ಕಟ್ಟದವರ ವಿಷಯ."

ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ಅದು ಎತ್ತಿನ ವಿಷಯ ಅಲ್ವಾ!"

ದರ್ಜಿ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳನ್ನು ಒಂದು ಕಡೆ ಸರಿಸಿ ಕಾಜಮ್ಮನಿಗೆ ಮಂಚ ಹಾಕಿಸಿಕೊಟ್ಟ. ಅವನು ತಮಾಷೆ ಮಾಡುವುದನ್ನು ನಿಲ್ಲಿಸಿದ್ದ. ಹುಡುಗಿಯೂ ಹುಡುಗಿಯ ತಾಯಿಯೂ ಒಮ್ಮೆಯೂ ಬರಲಿಲ್ಲ. ರಾತ್ರಿ ಮಲಗಿದಾಗ ಕೆಲವೊಮ್ಮೆ ಅವಳಿಗೆ ಮಗ ಮೇಜಿನ ಕೆಳಗಿಂದ ಇಣುಕುವುದು ಕಾಣುತ್ತಿತ್ತು. ಆಗ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ತಾನು ಆ ದಿನಗಳಲ್ಲೇ ಅವನನ್ನು ಎತ್ತಿಕೊಂಡು ಆ ಮನೆ ಬಿಟ್ಟು ಹೊರಟಿದ್ದರೆ ಎಂದು ಯೋಚಿಸುತ್ತಿದ್ದಳು. ಹಾಗೆ ಯೋಚಿಸಿದ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಮಗ ಊರು ಬಿಟ್ಟ. ದೂರದ ಪಟ್ಟಣದಲ್ಲಿ ಕೆಲಸ ಸಿಕ್ಕಿದೆಯಂತೆ ಎಂದರು. ಬಹಳ ದಿನಗಳ ಮೇಲೆ, ಅಂಗಿ ಅಳತೆ ಕೊಡಲು ಬಂದ ಒಬ್ಬ ಲಾರಿ ಚಾಲಕ ದರ್ಜಿಗೆ ಮಾತಿನ ಮಧ್ಯೆ ಹೇಳಿದ: "ನಿಮ್ಮ ಕಾಜಮ್ಮನ ಮಗನಿಗೆ ಅಲ್ಲಿ ಮದುವೆಯಾಯ್ತಲ್ಲ. ನೀರಿನ ಟ್ಯಾಂಕಿನ ಪಕ್ಕ ಮನೆ ಮಾಡಿದಾನೆ."

ಒಳಗೆ ಕಾಜಾ ಹೊಲಿಯುತ್ತಿದ್ದವಳು ದಾರ ಕಡಿಯಲಿಲ್ಲ. ಅಂಗಿಯನ್ನು ಹಾಗೇ ಸ್ಟೂಲಿನ ಮೇಲಿಟ್ಟು ಎದ್ದಳು.

"ಇಂಥ ಸೊಂಟ ಇಟ್ಕೊಂಡು ಬಸ್ಸಲ್ಲಿ ಅಷ್ಟು ದೂರ ಎಲ್ಲಿಗೆ ಹೋಗ್ತೀರಿ?" ಎಂದ ದರ್ಜಿ. "ಮದುವೆ ಆಗಿಹೋಯ್ತಲ್ಲ, ಇನ್ನೇನು ಹೇಳ್ತೀರಿ?"

"ಹೇಳೋಕಲ್ಲ," ಎಂದಳು.

ಟ್ಯಾಂಕಿನ ಪಕ್ಕದ ಮನೆ ಸಿಕ್ಕಿದಾಗ ನಡುಮಧ್ಯಾಹ್ನ; ಮಗ ಕೆಲಸಕ್ಕೆ ಹೋಗಿರುವ ಹೊತ್ತು. ಬಾಗಿಲು ತೆರೆದವಳು ಇನ್ನೂ ಚಿಕ್ಕ ಹುಡುಗಿಯಂತಿದ್ದಳು. ಆ ಸೆಕೆಯಲ್ಲೂ ತೋಳು ಮಣಿಕಟ್ಟಿನವರೆಗೆ ಮುಚ್ಚಿತ್ತು. ಒಂದು ಕಣ್ಣಿನ ಕೆಳಗೆ ಹಳದಿಗಟ್ಟಿದ ಕಲೆ.

"ಯಾರು ಬೇಕಿತ್ತು?"

"ನಾನು ನಿನ್ನ ಗಂಡನ ತಾಯಿ."

ಆ ಹುಡುಗಿ ಗಾಬರಿಯಿಂದ ಹಿಂದೆ ಸರಿದಳು. "ಅವರ ತಾಯಿ ಸತ್ತುಹೋಗಿದಾರೆ ಅಂದಿದ್ರು."

"ಸತ್ತಿದ್ರೂ ಅಂಥ ನಷ್ಟ ಏನಿರ್ಲಿಲ್ಲ," ಎಂದಳು ಕಾಜಮ್ಮ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು. ಅವಳ ಸೊಂಟ ಕಿತ್ತುಬರುತ್ತಿತ್ತು. "ಬಟ್ಟೆ ತಗೋ ಮಗಳೇ. ಬಸ್ಸು ಹೊರಡೋಕೆ ಇನ್ನೂ ಟೈಮಿದೆ."

ಹುಡುಗಿ ಅಳಲಿಲ್ಲ, ಏನು ಎತ್ತ ಎಂದು ಕೇಳಲೂ ಇಲ್ಲ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವಳು ಅದರ ಕಡೆ ನೋಡಿದಳು, ಬೀದಿಯ ಕಡೆ ನೋಡಿದಳು. ಹೋಗಿ ಒಲೆ ಆರಿಸಿದಳು. ಬಟ್ಟೆ ತೆಗೆದುಕೊಳ್ಳಲು ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಕಾಜಮ್ಮನಿಗೆ ವೇಗವಾಗಿ ನಡೆಯಲು ಆಗುತ್ತಿರಲಿಲ್ಲ. ಹುಡುಗಿ ಅವಳ ತೋಳಿನಡಿ ಕೈ ಹಾಕಿ, ಅವಳ ಅರ್ಧ ಭಾರ ತಾನೇ ಹೊತ್ತುಕೊಂಡು, ತಿರುಗಿ ತಿರುಗಿ ನೋಡುತ್ತ ನಡೆದಳು.