ಮಧ್ಯಾಹ್ನದ ಕತೆಯ ರಾಜ

ತಮಿಳು ಸೀಮೆಯ ಕನ್ನಡ ನೇಕಾರರ ಮಗ್ಗದ ಬೀದಿಯಲ್ಲಿ ಮಧ್ಯಾಹ್ನದ ಊಟ ಮುಗಿದರೆ ಸಾಕು, ಹೆಂಗಸರೆಲ್ಲ ರಾಟೆ ಎತ್ತಿಕೊಂಡು ಪೆರಿಯನಾಯಕಿಯ ಹಿತ್ತಿಲ ಜಗಲಿಗೆ ಬರುತ್ತಿದ್ದರು. ಕಂಡಿಕೆಗೆ ನೂಲು ಸುತ್ತುವುದು ಬರೀ ನೆಪ, ಬರುತ್ತಿದ್ದದ್ದು ಕತೆಗೆ. ಅವರಲ್ಲಿ ಓದು ಬರುತ್ತಿದ್ದದ್ದು ಪೆರಿಯನಾಯಕಿಯ ಸೊಸೆ ಪಂಕಜಂ ಒಬ್ಬಳಿಗೇ, ಅದೂ ತಮಿಳು. ಗಂಡ ನಂಜಪ್ಪನ್ ಪೋತ್ತನೂರಿನ ರೈಲ್ವೆ ಕೆಲಸದಿಂದ ರಜೆಗೆ ಬಂದಾಗ ರಟ್ಟು ಹರಿದ ಕಾದಂಬರಿಯೊಂದನ್ನು ತಂದುಕೊಟ್ಟಿದ್ದ. ಅವಳು ಒಂದು ಸಾಲನ್ನು ತಮಿಳಿನಲ್ಲಿ ಮೆಲ್ಲಗೆ ಓದಿಕೊಂಡು, ಅದನ್ನೇ ಮನೆಯ ಕನ್ನಡದಲ್ಲಿ ಜೋರಾಗಿ ಹೇಳುವಳು. ಹೇಳುವಾಗ ತನ್ನದೊಂದು ಒಗ್ಗರಣೆಯನ್ನೂ ಹಾಕುವಳು.

ಎಲ್ಲರಿಗೂ ಬೇಕಾದದ್ದು ಗುಹೆಯ ಅಧ್ಯಾಯ. ಬೆಟ್ಟದ ರಾಜ ನಾಯಕಿಯನ್ನು ಕುದುರೆ ಮೇಲೆ ಹೊತ್ತು ತಂದು ಗುಹೆಯಲ್ಲಿ ಇಳಿಸುತ್ತಾನೆ. ಅವಳು ಬೇಡ ಬೇಡ ಎನ್ನುತ್ತಾಳೆ, ಅವನು ಕೈ ಬಿಡುವುದಿಲ್ಲ, ಕೊನೆಗೆ ಅವಳೇ ಅವನ ಹೆಗಲಿಗೆ ಒರಗುತ್ತಾಳೆ. ಮೊಮ್ಮಕ್ಕಳನ್ನು ಕಂಡ ಅಂಗಮ್ಮ ಕೂಡ, "ಕಣ್ಣು, ಗುಹೇದು ಇನ್ನೊಂದ್ಸಲ ಹೇಳು" ಎಂದು ಮುದ್ದುಗರೆದು ಗೋಗರೆಯುತ್ತಿದ್ದಳು. ಸುಳ್ಳೇಕೆ, ಪಂಕಜಂಗೂ ಅದೇ ಇಷ್ಟ. "ಬುಡು ಸಾಮಿ, ಬ್ಯಾಡ" ಎನ್ನುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು.

ಗೋಡೆಯಾಚೆ ನಂಜಪ್ಪನ ದೊಡ್ಡಪ್ಪನ ಮಗ ಗೋವಿಂದಸಾಮಿಯ ಗುಂಡಿ ಮಗ್ಗ. ಅವನು ಲಾಳಿ ನಿಲ್ಲಿಸಿ ಕಿವಿ ಕೊಡುತ್ತಿದ್ದ. ಪುಸ್ತಕದ ತಮಿಳು ಅವನವರೆಗೆ ಬರುತ್ತಿರಲಿಲ್ಲ, ಗೋಡೆ ದಾಟುತ್ತಿದ್ದದ್ದು ಪಂಕಜಂಳ ಕನ್ನಡ ಮಾತ್ರ. ಹಾಗಾಗಿ ಅದು ಕತೆಯ ನಾಯಕಿಯ ಮಾತಾಗಿ ಕೇಳಿಸಲಿಲ್ಲ, ತಮ್ಮನ ಹೆಂಡತಿಯ ಮಾತಾಗಿ ಕೇಳಿಸಿತು. ಆ ಮೂಢ ಅದನ್ನು ತನಗೇ ಕೊಟ್ಟ ಸೂಚನೆ ಎಂದುಕೊಂಡ.

ಒಂದು ಬೆಳಿಗ್ಗೆ ನೂಲಿನ ಕೋಣೆಗೆ ನುಗ್ಗಿ ಅವಳ ಮುಂಗೈ ಹಿಡಿದ.

"ಬುಡಿ ಬಾವ" ಎಂದಳು. ಅವನು ನಕ್ಕ.

"ಬುಡೀ!" ಎಂದು ಕಿರುಚಿದಳು.

"ಕತೇಲಿ ಅವಳೂ ಹಿಂಗೇ ತಾನೇ ಅಂತಾಳೆ" ಎನ್ನುತ್ತ ಬಾಗಿಲು ಎಳೆಯಹೋದ. ಪಂಕಜಂ ಅವನ ಕೈಗೆ ಹಲ್ಲೂರಿ, ಬಿಡಿಸಿಕೊಂಡು ಬೀದಿಗೆ ಓಡಿದಳು.

ಇದನ್ನು ವಿಚಾರಿಸಲು ಬೀದಿಯ ಹಿರಿಯರ ಪಂಚಾಯಿತಿ ಸೇರುವವರೆಗೆ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಒಲೆಯ ಮೇಲಿನ ಅನ್ನ ಸೀದುಹೋಯಿತು. ತಪ್ಪು ತನ್ನದೆಂದು ಹಿರಿಯರು ಹೇಳಿಬಿಟ್ಟರೆ ತವರಿಗೆ ಕಳಿಸುತ್ತಾರೆ, ಸುದ್ದಿ ಪೋತ್ತನೂರಿಗೆ ಹೋಗುತ್ತದೆ, ನಂಜಪ್ಪನ್ ಏನೆಂದುಕೊಳ್ಳುತ್ತಾನೋ. ಅದಕ್ಕಿಂತ ಕೆಟ್ಟ ಹೆದರಿಕೆ ಇನ್ನೊಂದಿತ್ತು. ಆ ಅಧ್ಯಾಯ ನನಗೆ ಇಷ್ಟವೇ ಆಗಿತ್ತಲ್ಲ, ಹಾಗಾದರೆ ನಾನೇ ಕರೆದೆನೇ?

ಚೌಡಮ್ಮನ ಗುಡಿಯ ಮುಂದೆ ಹಿರಿಯ ವೆಲ್ಲಿಂಗಿರಿ ಕೂತಿದ್ದ. ಗೋವಿಂದಸಾಮಿ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. "ದಿನಾ ಗೋಡೆ ಪಕ್ಕ ಕೂತು, ಬ್ಯಾಡ ಬ್ಯಾಡ ಅಂತ ರಾಗ ಎಳೀತಾಳೆ. ಹಂಗಂದ್ರೆ ಏನರ್ಥ ಅಂತ ಅವಳ ಕತೇನೇ ಹೇಳ್ತದೆ" ಎಂದ. ವೆಲ್ಲಿಂಗಿರಿ ಹೆಂಗಸರತ್ತ ತಿರುಗಿದ. ಅಂಗಮ್ಮ ತಲೆ ತಗ್ಗಿಸಿದಳು. ಕತೆ ಕೇಳಲು ಮುಂದು, ಮಾತಾಡಲು ಹಿಂದು!

ಪಂಕಜಂಗೆ ಉರಿದುಹೋಯಿತು. ಮನೆಗೆ ಹೋಗಿ ಪುಸ್ತಕ ತಂದಳು.

"ತಾತಾ, ಅದೇನು ಕತೆ ಅಂತ ನೀವೇ ಕೇಳಿ."

ಗುಹೆಯ ಅಧ್ಯಾಯ ತೆಗೆದಳು. ಎಂದಿನಂತೆ ಕನ್ನಡದಲ್ಲಿ ಹೇಳತೊಡಗಿದಳು. ಕುದುರೆ ಬೆಟ್ಟ ಹತ್ತುವ ಹೊತ್ತಿಗೆ ಗಂಡಸರ ಕೆಮ್ಮು ನಿಂತಿತು. ರಾಜ ಅವಳ ಕೈ ಹಿಡಿದ, ಅವಳು ಬ್ಯಾಡ ಎಂದಳು, ರಾಜ ಇನ್ನಷ್ಟು ಹತ್ತಿರ ಬಂದ. ಪಂಕಜಂ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

"ಅಪ್ಪುರಂ?" ಎಂದ ವೆಲ್ಲಿಂಗಿರಿ, ಮುಂದಕ್ಕೆ ಬಾಗಿ. "ಆಮೇಲೇನಾಯ್ತು ಅಮ್ಮಿಣಿ?"

"ಏನೂ ಆಗಲಿಲ್ಲ ತಾತಾ. ನಾನು ಮುಚ್ಚಿದೆ, ಅವನು ನಿಂತ. ನಾನು ತೆಗೆದ್ರೆ ಬರ್ತಾನೆ, ಮುಚ್ಚಿದ್ರೆ ಕೈ ಎತ್ತಿದಂಗೇ ನಿಂತಿರ್ತಾನೆ. ಅವನನ್ನ ಕರೆಯೋಳೂ ನಾನೇ, ಕಳಿಸೋಳೂ ನಾನೇ. ಆ ಹುಡುಗಿ ಮನಸಲ್ಲಿ ಏನಿತ್ತು ಅಂತ ಮುಂದಿನ ಸಾಲಲ್ಲೇ ಬರೆದೈತೆ." ಗೋವಿಂದಸಾಮಿಯತ್ತ ತಿರುಗಿದಳು. "ನನ್ನ ಮನಸನ್ನ ನೀವು ಎಲ್ಲಿ ಓದಿದ್ರಿ ಬಾವ? ಬುಡಿ ಅಂದೆ. ನಿಂತ್ರಾ?"

ಕತೆಗೆ ಬಾಯಿ ಬಿಟ್ಟು ಕೂತಿದ್ದಕ್ಕೆ ನಾಚಿದ ವೆಲ್ಲಿಂಗಿರಿ ಮೀಸೆ ಒರೆಸಿಕೊಂಡ. ಗೋವಿಂದಸಾಮಿ ಚೌಡಮ್ಮನ ಮುಂದೆ ಅಡ್ಡಬಿದ್ದು ತಪ್ಪು ಒಪ್ಪಬೇಕು, ಆ ಬೀದಿಯಿಂದಲೇ ಮಗ್ಗ ಕಿತ್ತುಕೊಂಡು ಹೋಗಬೇಕು ಎಂದು ತೀರ್ಪಾಯಿತು. ಪಂಕಜಂ ಗೆದ್ದಳು.

ಮರುದಿನ ಜಗಲಿ ತುಂಬಿತು. ಅಂಗಮ್ಮ ಸಂಕೋಚದಿಂದ ನಕ್ಕು, "ಗುಹೇದು ಹೇಳ್ತೀಯಾ ಕಣ್ಣು?" ಎಂದಳು. ಪಂಕಜಂಗೂ ಹೇಳುವ ಆಸೆಯಿತ್ತು. ಪುಟ ತೆಗೆದಳು. ಕುದುರೆ ಬಂತು, ಬೆಟ್ಟ ಬಂತು. ರಾಜ ತಿರುಗಿ ನೋಡಿದ. ಅವನ ಮುಖ ಗೋವಿಂದಸಾಮಿಯದಾಗಿತ್ತು. ಮುಚ್ಚಿದಳು. ಮತ್ತೆ ತೆಗೆದಳು. ಅದೇ ಮುಖ.

"ಯಾಕೆ ಕಣ್ಣು?" ಎಂದು ಪೆರಿಯನಾಯಕಿ ರಾಟೆ ಬಿಟ್ಟು ಹತ್ತಿರ ಬಂದಳು.

ಪಂಕಜಂಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. "ಅವನ ಮಗ್ಗ ಕೀಳಿಸಿದ್ರಲ್ಲ ಅತ್ತೆ, ನನ್ನ ರಾಜನ್ನ ವಾಪಸ್ ಕೊಡ್ಸಿ ಅಂತ ಯಾವ ಪಂಚಾಯಿತಿಗೆ ಹೋಗ್ಲಿ?"