ತಟ್ಟೆಯ ಸದ್ದು ನಿಂತ ಹೊತ್ತು

ಚಳಿ ಕಾಲು ಕಿತ್ತು ಬಿಸಿಲು ಬಲಿಯುತ್ತಿದ್ದ ದಿನಗಳು. ಕೊಯ್ದು ಹರವಿದ ಹುಲ್ಲು ಒಣಗಿ, ಮುಟ್ಟಿದರೆ ಗರಗರ ಎನ್ನುವ ಹದಕ್ಕೆ ಬಂದಿತ್ತು. ಹೊಲದ ನಡುವೆ ಬಣವೆ ಆಳೆತ್ತರ ದಾಟಿ ಏರಿತ್ತು. ಅದರ ನೆತ್ತಿಯ ಮೇಲೆ ಮನೆಯ ಯಜಮಾನಿ ನಿಂತಿದ್ದಳು. ಮಗಳು ಕೆಳಗಿನಿಂದ ಕವೆಗೋಲಿನಲ್ಲಿ ಎತ್ತಿ ಕೊಡುವ ಹುಲ್ಲನ್ನು ತೋಳಿನಲ್ಲಿ ಬಾಚಿ, ಅಂಚಿಗೆ ಸರಿಸಿ, ಕಾಲಿನಿಂದ ತುಳಿದು ಕೂರಿಸುತ್ತಿದ್ದಳು. ಬಣವೆ ಒಟ್ಟುವುದೆಂದರೆ ಹುಲ್ಲು ಗುಡ್ಡೆ ಹಾಕಿದಂತಲ್ಲ. ನಡು ಉಬ್ಬಿರಬೇಕು, ಅಂಚು ಬಿಗಿಯಾಗಿರಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಕ್ಕಿಳಿದು ಎಲ್ಲ ಮುಗ್ಗಿಹೋಗುತ್ತದೆ. ಆ ಕೆಲಸವನ್ನು ಅವಳು ಯಾರ ಕೈಗೂ ಬಿಟ್ಟವಳಲ್ಲ.

ಬಿಡಲು ಈ ಸಲ ಕೈಗಳೂ ಇರಲಿಲ್ಲ ಅನ್ನಿ. ಗಂಡ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಮರದ ನೆರಳಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಪಟ್ಟಿ ಬಿದ್ದದ್ದು ಕಾಲಿಗೆ, ಬಾಯಿಗಲ್ಲ.

"ಎಡಕ್ಕೆ ವಾಲ್ತಿದೆ ಕಣೇ," ಎಂದ.

"ವಾಲ್ತಿರೋದು ನಿಮ್ಮ ಬೆಂಚು," ಎಂದಳು ಮೇಲಿನಿಂದ.

ಮಗಳು ನಕ್ಕಳು. ಆದರೂ ತಾಯಿ ಮಗಳ ನಡುವೆ ಬೆಳಗಿನಿಂದ ಒಂದು ಮಾತು ಅರ್ಧಕ್ಕೆ ನಿಂತಿತ್ತು. ಊರಾಚೆ ಜೇನು ಸಾಕುವವನು ಮಗಳನ್ನು ಮದುವೆಗೆ ಕೇಳಿದ್ದ. ಅವಳು ಒಪ್ಪಿದ್ದಳು, ಅಪ್ಪನೂ ಒಪ್ಪಿದ್ದ. ಅವನ ಸೋದರತ್ತೆ ಅದೇ ಸಂಜೆ ಬಂದು ಉತ್ತರ ಕೇಳುವವಳಿದ್ದಳು. ಒಪ್ಪದೆ ಉಳಿದವಳು ಅಮ್ಮ ಒಬ್ಬಳೇ.

ಊರಿನವರು ಅವನನ್ನು ಪಟಪಟಿ ಎನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕವರ ಹಸು, ಮಗು, ಬಾಗಿಲಿಗೆ ಬಳಿದ ಬಣ್ಣ, ಯಾವುದನ್ನೂ ಅವನು ಹೊಗಳದೆ ಬಿಟ್ಟವನಲ್ಲ. ಅದೇ ಅವಳಿಗೆ ಅಳುಕು. ಅವಳ ಸ್ವಂತ ಅಣ್ಣನೂ ಸವಿಮಾತಿನವನೇ. ಇವರ ಕೊಟ್ಟಿಗೆಯ ಸೂರು ಕುಸಿದ ವರ್ಷ ಬಂದು, ದಿನವಿಡೀ ನಿಂತು, ಎದೆ ಕರಗುವಂತೆ ಸಮಾಧಾನ ಹೇಳಿದ್ದ. ಒಂದು ತೊಲೆಗೂ ಕೈ ಹಚ್ಚಿರಲಿಲ್ಲ.

"ಅವನಲ್ಲಿ ಏನು ತಪ್ಪು, ಅದನ್ನಾದ್ರೂ ಹೇಳಮ್ಮ," ಎಂದಳು ಮಗಳು, ಹುಲ್ಲು ಎತ್ತುತ್ತ.

"ತಪ್ಪು ಅಂದೋರು ಯಾರು? ಮಾತು ಚೆನ್ನಾಗೇ ಇದೆ. ಮಾತಿಗೆ ಏನು ಖರ್ಚು? ತನ್ನದೇನಾದ್ರೂ ಕಳ್ಕೊಂಡು ಇನ್ನೊಬ್ರಿಗೆ ನೆರವಾಗಿದ್ದನ್ನ ಒಂದ್ಸಲ ನೋಡಿದ್ರೆ ಸಾಕು ನಂಗೆ."

"ಕಳ್ಕೊಳ್ಳೋಕೆ ಅವನ ಹತ್ರ ಇರೋದೇ ಒಂದು ಪೆಟ್ಟಿಗೆ."

ಅದು ನಿಜ. ಹಿಂದಿನ ಮಳೆಗಾಲದಲ್ಲಿ ಮೇಣ ತಿನ್ನುವ ಹುಳು ಬಿದ್ದು ಅವನ ಜೇನುಪೆಟ್ಟಿಗೆಗಳೆಲ್ಲ ಬರಿದಾಗಿ ಒಂದೇ ಉಳಿದಿತ್ತು. ಆ ಒಂದು ಕುಟುಂಬ ತುಂಬಿ ಪಾಲಾಗುವುದನ್ನೇ ಅವನು ಕಾಯುತ್ತಿದ್ದ. ಹೊಸ ಪೆಟ್ಟಿಗೆಯನ್ನು ಆಗಲೇ ಮಾಡಿಟ್ಟು, "ಒಂದು ಎರಡಾಗ್ಲಿ, ಆಮೇಲೆ ಮದುವೆ ಊಟಕ್ಕೆ ಕರೀತೀನಿ," ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ದೂರದಿಂದ ಟಣ್ ಟಣ್ ಟಣ್ ಎಂದು ಸದ್ದು ಬಂತು.

"ಪಾಲಾಯ್ತು ಅಂತ ಕಾಣತ್ತೆ," ಎಂದ ಗಂಡ, ಬೆಂಚಿನ ಮೇಲೇ ನೆಟ್ಟಗಾಗಿ.

ಜೇನುಹುಳ ಪೆಟ್ಟಿಗೆ ಬಿಟ್ಟು ಎದ್ದರೆ ಸಾಕಿದವನು ತಟ್ಟೆ ಬಡಿಯುತ್ತ ಅದರ ಹಿಂದೆ ಓಡಬೇಕು. ತಟ್ಟೆಯ ಸದ್ದು ಇರುವ ತನಕ ಹುಳ ಅವನದು. ಯಾರ ಹೊಲದಲ್ಲಿ ನುಗ್ಗಿದರೂ ಯಾರೂ ಕೇಳುವಂತಿಲ್ಲ. ಸದ್ದು ನಿಂತಿತೋ, ಹುಳ ಯಾರ ಜಾಗದಲ್ಲಿ ಕೂತರೆ ಅವರದು. ಆ ಸೀಮೆಯಲ್ಲಿ ಇದಕ್ಕೆ ಎದುರಾಡಿದವರಿಲ್ಲ.

ಬಣವೆಯ ಮೇಲಿಂದ ಅವಳೊಬ್ಬಳಿಗೇ ಬೇಲಿಯಾಚೆ ಕಾಣುತ್ತಿತ್ತು. ಕಪ್ಪು ಹೊಗೆಯಂಥ ಗುಂಪು ತೇಲಿಕೊಂಡು ಬರುತ್ತಿತ್ತು. ಅದರ ಹಿಂದೆ ಅವನು, ಒಂದು ಕೈಯಲ್ಲಿ ತಟ್ಟೆ, ಒಂದರಲ್ಲಿ ಸೌಟು, ಕತ್ತು ಆಕಾಶಕ್ಕೆ. ಎಡವಿದ, ಎದ್ದ, ಮತ್ತೆ ಬಡಿದ. ಇಳಿಜಾರಿನ ದಾರಿಯಲ್ಲಿ ಒಂದು ಒಂಟೆತ್ತಿನ ಸೌದೆಗಾಡಿ ಚರಂಡಿಯ ಕಡೆಗೆ ವಾಲಿ ನಿಂತಿತ್ತು. ಚಕ್ರ ತಡೆಯುವ ಕಡಾಣಿ ಬಿದ್ದುಹೋಗಿ, ಚಕ್ರ ಅಚ್ಚಿನಿಂದ ಅರ್ಧ ಕಳಚಿತ್ತು. ಗಾಡಿಯ ಕೆಳಗೆ ಹೆಗಲು ಕೊಟ್ಟು ನಿಂತಿದ್ದವನು ಊರಿನವರು ಗುರ್ ತಾತ ಎನ್ನುವ ಮುದುಕ. ಹೆಗಲು ತೆಗೆದರೆ ಗಾಡಿ ಮಗುಚಿ, ನೊಗ ತಿರುಚಿ, ಎತ್ತಿನ ಕುತ್ತಿಗೆ ಮುರಿಯುತ್ತಿತ್ತು. ಹೆಗಲು ತೆಗೆಯದೆ ಎತ್ತು ಬಿಚ್ಚುವಂತಿರಲಿಲ್ಲ.

ಗುರ್ ತಾತ ಯಾರ ಬಳಿಯೂ ನೆಟ್ಟಗೆ ಮಾತಾಡಿದವನಲ್ಲ. ಜೇನು ತನ್ನ ಎತ್ತಿಗೆ ಕಚ್ಚಿತೆಂದು ಬೀದಿಯನ್ನೆಲ್ಲ ಎಬ್ಬಿಸಿ, ಪಟಪಟಿಯ ಪೆಟ್ಟಿಗೆಗಳನ್ನು ಊರಾಚೆ ಹಾಕಿಸಿದವನು ಅವನೇ. ಅದೇ ಎತ್ತು ಇದು.

ಪಟಪಟಿ ಗಾಡಿಯನ್ನು ದಾಟಿ ಓಡಿದ. ಒಂದಿಷ್ಟು ದೂರ ಹೋದ ಮೇಲೆ ನಿಂತ. ಹುಳದ ಕಡೆ ನೋಡಿದ. ಹಿಂದಕ್ಕೆ ನೋಡಿದ. ಕೈ ಮಾತ್ರ ಬಡಿಯುತ್ತಲೇ ಇತ್ತು. ಮೇಲೆ ನಿಂತವಳಿಗೆ ತನ್ನ ಕೈಯ ಹುಲ್ಲು ಮರೆತೇ ಹೋಯಿತು.

ಸದ್ದು ನಿಂತಿತು.

ಅವನು ಗಾಡಿಯ ಕಡೆಗೆ ಓಡುತ್ತಿದ್ದ. ಸೌದೆಯ ಒಂದು ಗಳ ಎಳೆದು ಅಚ್ಚಿನಡಿಗೆ ಮೀಟುಕೊಟ್ಟ. ಚರಂಡಿಯ ಕೆಸರಿನಲ್ಲಿ ಗಳದ ಬುಡ ಹೂಳತೊಡಗಿದಾಗ ಕೈಲಿದ್ದ ತಟ್ಟೆಯನ್ನೇ ಅದರಡಿಗೆ ತುರುಕಿ, ಗಳದ ಮೇಲೆ ಮೈಭಾರ ಬಿಟ್ಟ. ಗಾಡಿ ಎದ್ದಿತು. ಮುದುಕ ಹೊರಬಂದು ಎತ್ತು ಬಿಚ್ಚಿದ. ಮಾತು ಇಷ್ಟು ದೂರ ಕೇಳುತ್ತಿರಲಿಲ್ಲ, ಆದರೆ ಅಲ್ಲಾಡುತ್ತಿದ್ದ ಆ ತಲೆ ಬೈಯುವ ತಲೆಯೆಂಬುದು ಯಾರಿಗೂ ತಿಳಿಯುವಂತಿತ್ತು.

"ಅಮ್ಮಾ, ಸದ್ದು ಯಾಕೆ ನಿಲ್ತು? ಬಿದ್ನಾ?" ಮಗಳ ದನಿ ಬದಲಾಗಿತ್ತು.

"ಬಿದ್ದಿಲ್ಲ," ಎಂದಳು ಅಮ್ಮ.

ಮುಂದಿನದು ಹೇಳಲು ಪುರುಸೊತ್ತು ಸಿಗಲಿಲ್ಲ. ಕಪ್ಪು ಗುಂಪು ಬೇಲಿ ದಾಟಿ, ಬಣವೆಗೆ ಎರಡು ಸುತ್ತು ಬಂದು, ಒರಗಿಸಿದ್ದ ಏಣಿಯ ಮೇಲಿನ ಮೆಟ್ಟಿಲಿಗೆ ದ್ರಾಕ್ಷಿಗೊಂಚಲಿನಂತೆ ಜೋತುಬಿತ್ತು. ಇಳಿಯಲು ಇದ್ದದ್ದು ಅದೊಂದೇ ಏಣಿ.

"ಕದಲಬೇಡ ಕಣೇ," ಎಂದ ಗಂಡ. "ರಾಣಿ ಎದುರಿಗೆ ರಾಣಿ ಕೂತಂಗಾಯ್ತು."

"ನೀವು ಎದ್ದು ಬಂದು ಇಳಿಸಿ ನೋಡೋಣ."

"ನಂದು ಕಾಲು ಮುರಿದಿದೆಯಲ್ಲ," ಎಂದ ಅವನು, ಮುರಿದದ್ದಕ್ಕೆ ಮೊದಲ ಬಾರಿ ಸಂತೋಷಪಟ್ಟವನಂತೆ.

ಮಗಳು ನಗು ತಡೆಯಲಾರದೆ ಬೇಲಿ ಹಾರಿ ಓಡಿದಳು. ಅವಳು ಪಟಪಟಿಯನ್ನು ಕರೆತರುವ ತನಕ ಅಮ್ಮ ಬಣವೆಯ ನೆತ್ತಿಯಲ್ಲಿ ಕಾಲು ಮಡಚಿ ಕೂತಿದ್ದಳು. ಗೊಂಚಲು ಗುಂಯ್ ಎನ್ನುತ್ತಿತ್ತು. ಅವಳಿಗೆ ಹೆದರಿಕೆಯಾಗಬೇಕಿತ್ತು, ಯಾಕೋ ನಗು ಬರುತ್ತಿತ್ತು.

ಅವನು ಹೊಸ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದ. ಅಂಗಿಯ ಹೆಗಲು ಹರಿದಿತ್ತು, ಅಂಗೈ ತರಚಿತ್ತು.

"ಏನಪ್ಪಾ, ಹಿಂದೆ ಓಡೋದು ಬಿಟ್ಟು ಎಲ್ಲಿ ಹೋಗಿದ್ದೆ?" ಎಂದ ಗಂಡ.

"ಸುಸ್ತಾಯ್ತು ಯಜಮಾನ್ರೇ, ಒಂಚೂರು ಕೂತೆ," ಎಂದು ನಕ್ಕ. ಮೇಲೆ ನೋಡಿ, "ಹೆದರಬೇಡಿ ಅಮ್ಮಾ. ಹೊಟ್ಟೆ ತುಂಬ ಜೇನುತುಪ್ಪ ಕುಡಿದು ಹೊರಟವು. ಊಟ ಆದ ಮೇಲೆ ಜಗಳ ಆಡೋ ಮನಸ್ಸು ಯಾರಿಗಿರತ್ತೆ?" ಎಂದ.

ಅಮ್ಮ ಅವನನ್ನೇ ನೋಡಿದಳು. ಸಣ್ಣದಕ್ಕೆಲ್ಲ ಅಷ್ಟು ಮಾತಾಡುವವನು ಗಾಡಿ ಎತ್ತಿದ್ದರ ಬಗ್ಗೆ ಬಾಯಿ ಬಿಡಲಿಲ್ಲ.

ಅವನು ಏಣಿ ಹತ್ತಿ, ಹಳೆಯ ಮೇಣ ತಿಕ್ಕಿದ ಪೆಟ್ಟಿಗೆಯನ್ನು ಪಕ್ಕದ ಹುಲ್ಲಿನ ಮೇಲಿಟ್ಟು, ಬರಿಗೈಯಲ್ಲಿ ಗೊಂಚಲನ್ನು ಬೊಗಸೆ ಬೊಗಸೆಯಾಗಿ ಒಳಗಿಳಿಸಿದ. ಹಸುಗೂಸಿಗೆ ನೀರು ಹಾಕುವಂಥ ಕೈ. ಸ್ವಲ್ಪ ಹೊತ್ತಿನಲ್ಲಿ ಉಳಿದವೂ ಸಾಲು ಹಿಡಿದು ತಾವೇ ಒಳಗೆ ನಡೆದವು. ಪೆಟ್ಟಿಗೆ ಕೆಳಗಿಳಿಸಿ ಬೇಲಿಯ ನೆರಳಿನಲ್ಲಿಟ್ಟು, ಕೈ ಒರೆಸಿಕೊಂಡ.

"ಸದ್ದು ನಿಂತಿತ್ತು, ಎಲ್ರೂ ಕೇಳಿದಾರೆ. ಹುಳ ನಿಮ್ದು. ಪೆಟ್ಟಿಗೆ ನಿಧಾನಕ್ಕೆ ವಾಪಸ್ ಕೊಟ್ರಾಯ್ತು," ಎಂದ. ಕ್ಷಣ ಮಾತ್ರ ಅವನ ಕಣ್ಣು ಆ ಪೆಟ್ಟಿಗೆಯ ಮೇಲೇ ನಿಂತಿತು. ಮದುವೆ ಊಟದ ಮಾತು ಅವನೆತ್ತಲಿಲ್ಲ. ಆಮೇಲೆ ಮಾಮೂಲಿನ ನಗು ತಂದುಕೊಂಡು, "ಆದ್ರೆ ಕೂರಿಸಿ ಕೊಟ್ಟೋನಿಗೆ ಮೊದಲ ತುಪ್ಪದಲ್ಲಿ ಅರ್ಧ ಬರಬೇಕು. ಅದೂ ರೂಢಿನೇ," ಎಂದ.

ಆಗ ಬೇಲಿಯ ಸಂದಿನಲ್ಲಿ ಗುರ್ ತಾತ ಕಾಣಿಸಿಕೊಂಡ. ಕೈಯಲ್ಲಿ ನಡುವೆ ತಗ್ಗುಬಿದ್ದ ತಟ್ಟೆ.

"ಸಾಮಾನು ಬಿಟ್ಟು ಬರ್ತಾನೆ, ದಡ್ಡ," ಎಂದು ಗುರುಗುಟ್ಟಿದ. "ಇದನ್ನ ಕೆಸರಿಗೆ ತುರುಕು ಅಂತ ನಾನೇನು ಹೇಳಿದ್ನಾ? ಹುಳ ಹೋಯ್ತು, ತಟ್ಟೇನೂ ಹಾಳಾಯ್ತು. ಎತ್ತಿಗೆ ಮಾತ್ರ ಏನೂ ಆಗಿಲ್ಲ." ತಟ್ಟೆಯನ್ನು ಬೆಂಚಿನ ತುದಿಗಿಟ್ಟು ಹೊರಟ.

ಗಂಡ ತಟ್ಟೆ ನೋಡಿದ, ಪಟಪಟಿಯ ಹರಿದ ಹೆಗಲು ನೋಡಿದ. "ಓಹೋ," ಎಂದ. "ಸುಸ್ತಾಗಿ ಕೂತಿದ್ಯಾ?"

ಪಟಪಟಿಯ ಕಿವಿ ಕೆಂಪಾಯಿತು. ಹರಿದ ಹೆಗಲನ್ನು ಅಂಗೈಯಿಂದ ಮುಚ್ಚಿಕೊಂಡ.

ಅಮ್ಮ ಏಣಿಯಿಳಿದು ಬಂದು ಸೀರೆಗೆ ಅಂಟಿದ ಹುಲ್ಲನ್ನು ಒಂದೊಂದೇ ಬಿಡಿಸಿಕೊಂಡಳು.

"ತುಪ್ಪ ಕೊಡಲ್ಲ," ಎಂದಳು.

"ಏನೇ ಇದು," ಎಂದ ಗಂಡ, "ನ್ಯಾಯವಾಗಿ ಬರಬೇಕಾದ್ದು ಅವನಿಗೆ."

"ಅರ್ಧ ಅಳೆದು ಕೊಟ್ಟು ಕೈತೊಳ್ಕೊಳ್ಳೋಕೆ ಅವನೇನು ಬೇರೆಯವನಾ? ಅಳಿಯಂಗೆ ಯಾರು ಕೂಲಿ ಕೊಡ್ತಾರೆ? ಹುಳ ಮಗಳ ಜೊತೆ ಬರತ್ತೆ. ತುಪ್ಪದ ಸಾಲ ಹಂಗೇ ಇರ್ಲಿ."

ಮಗಳ ಕೈಯಿಂದ ಕವೆಗೋಲು ಜಾರಿತು. ಪಟಪಟಿ ಏನು ಮಾಡುವುದೆಂದು ತಿಳಿಯದೆ ತಟ್ಟೆ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ್ದ ಸೌಟಿನಿಂದ ಒಮ್ಮೆ ಬಡಿದ. ಅದು ಟಣ್ ಎನ್ನದೆ ಡಬ್ ಎಂದಿತು. ಬೆಂಚಿನ ಮೇಲಿದ್ದವನು ಕಾಲು ನೋಯುವಷ್ಟು ನಕ್ಕ.

"ನಗೋದು ಆಮೇಲೆ," ಎಂದಳು ಅಮ್ಮ, ಮತ್ತೆ ಏಣಿ ಹತ್ತುತ್ತ. "ಇವನ ಸೋದರತ್ತೆ ಬರೋದ್ರೊಳಗೆ ನೆತ್ತಿ ಮುಚ್ಚಬೇಕು. ಕವೆಗೋಲು ತಗೊಳ್ಳಪ್ಪ, ಎಡಗಡೆಯಿಂದ ಎತ್ತು. ಸ್ವಲ್ಪ ವಾಲಿದೆ."