ಕೇಶವಮೂರ್ತಿಗಳ ಕೂಗುಡಬ್ಬಿ

ಕೇಶವಮೂರ್ತಿಗಳಿಗೂ ಪೊಲೀಸರಿಗೂ ಬಹಳ ವರ್ಷಗಳ ಹಗೆ. ಈ ಸಂಗತಿ ಪೊಲೀಸರಿಗೆ ಮಾತ್ರ ಗೊತ್ತಿರಲಿಲ್ಲ.

ತಾವಿರುವ ಅಮೆರಿಕದ ಜರ್ಮನ್‌ಟೌನಿನ ಹೆದ್ದಾರಿಯಲ್ಲಿ ಲೋಕವೇ ಹಾರಿಕೊಂಡು ಹೋಗುತ್ತಿದ್ದರೂ ತಮ್ಮ ಕಾರನ್ನೇ ಹುಡುಕಿ ಹಿಡಿಯುತ್ತಾರೆ ಎಂಬುದು ಅವರ ದೂರು. ತಾವು ಮಿತಿ ಮೀರಿ ಓಡಿಸುತ್ತೇವೆ ಎಂಬ ಸಣ್ಣ ವಿಷಯ ಆ ದೂರಿನಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಅವರ ಕೆಲಸ ಸರ್ಕಾರಿ ಪ್ರಯೋಗಾಲಯದಲ್ಲಿ. ಇಡೀ ದಿನ ಬೋನಿನ ಇಲಿಗಳ ನಡುವೆ ಇರುತ್ತಿದ್ದುದರಿಂದಲೋ ಏನೋ, ಸಿಕ್ಕಿಬೀಳುವುದೆಂದರೆ ಅವರಿಗೆ ಆಗದು.

ಅದಕ್ಕೇ ಒಂದು ರಾಡಾರ್ ಡಿಟೆಕ್ಟರ್ ತರಿಸಿದರು. ಅಂಗೈಯಗಲದ ಕಪ್ಪು ಡಬ್ಬಿ. ಮುಂದೆಲ್ಲೋ ಪೊಲೀಸರು ವೇಗ ಅಳೆಯುತ್ತ ಕೂತಿದ್ದರೆ ಇದು ಮೊದಲೇ ಮೂಸಿ ನೋಡಿ ಕೂಗಿಕೊಳ್ಳುತ್ತದೆ. ಆಗ ಕಾಲನ್ನು ಮೆಲ್ಲಗೆ ಎತ್ತಿ ಸಾಧುವಿನಂತೆ ಮುಖ ಮಾಡಿಕೊಂಡು ದಾಟಿಬಿಡಬಹುದು. ಹೆಂಡತಿ ವರಲಕ್ಷ್ಮಿ ಅದಕ್ಕೆ ಕೂಗುಡಬ್ಬಿ ಎಂದು ಹೆಸರಿಟ್ಟರು.

ಡಬ್ಬಿಯ ಸುರುಳಿ ವೈರನ್ನು ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸಿದ್ದರೆ ಎಲ್ಲ ಸುಸೂತ್ರವಾಗಿರುತ್ತಿತ್ತು. ಆದರೆ ಜೋತಾಡುವ ವೈರು ಕೇಶವಮೂರ್ತಿಗಳ ಘನತೆಗೆ ಕುಂದು. ವೈರು ಕಣ್ಣಿಗೆ ಬೀಳಬಾರದು, ಡಬ್ಬಿ ಕಾರಿನ ಜೊತೆಗೇ ಹುಟ್ಟಿದಂತಿರಬೇಕು. ಅದಕ್ಕೆ ಅವರು ಆರಿಸಿಕೊಂಡ ದಿನ ಯಾವುದು? ಮಗಳ ಸೀಮಂತದ ದಿನ.

ಮಗಳು ರಚನಾ ಇದ್ದದ್ದು ಐದು ಗಂಟೆ ದಾರಿಯ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ, ಅತ್ತೆ ಶಾಂತಾಬಾಯಿಯವರ ಜೊತೆ. ಮಧ್ಯಾಹ್ನ ಮೂರರೊಳಗೆ ಬಳೆ ತೊಡಿಸಬೇಕು, ಮೊದಲ ಬಳೆ ಹೆತ್ತ ತಾಯಿಯ ಕೈಯಿಂದ. ವರಲಕ್ಷ್ಮಿ ಬಸುರಿಯಾಗಿದ್ದಾಗ ಅವರ ತಾಯಿಗೆ ವೀಸಾ ಸಿಗಲಿಲ್ಲ. ಮೈಸೂರಿನಿಂದ ಹೊರಡಲೆಂದು ಕಟ್ಟಿಟ್ಟಿದ್ದ ಪೆಟ್ಟಿಗೆಯಿಂದಲೇ ತೆಗೆದು ಆ ತಾಯಿ ಹಸಿರು ಬಳೆಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಬಂದದ್ದು ಬರೀ ಚೂರು. ಕೊನೆಗೆ ಎದುರು ಮನೆಯ ಗುಜರಾತಿ ಹೆಂಗಸು ತನ್ನ ಕೈಯ ಪ್ಲಾಸ್ಟಿಕ್ ಬಳೆ ಬಿಚ್ಚಿ ತೊಡಿಸಿದಳು. ಆಕೆಯ ಒಳ್ಳೆಯತನವನ್ನು ವರಲಕ್ಷ್ಮಿ ಮರೆತಿಲ್ಲ, ಆ ಬಳೆಯನ್ನೂ ಮರೆತಿಲ್ಲ. ತನ್ನ ಮಗಳಿಗೆ ಹಾಗಾಗಬಾರದು. ಇದೊಂದೇ ಅವರ ಆಸೆ.

"ಶುಕ್ರವಾರವೇ ಹೊರಟುಬಿಡೋಣ ರೀ" ಎಂದಿದ್ದರು.

"ಯಾಕೆ? ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟ್ರೂ ಆರಾಮಾಗಿ ತಲುಪ್ತೀವಿ. ಈ ಡಬ್ಬಿ ಇದ್ರೆ ಒಂದು ಗಂಟೆ ಉಳಿಯುತ್ತೆ. ಫಿಟ್ ಮಾಡೋಕೆ ಹತ್ತೇ ನಿಮಿಷ, ವಿಡಿಯೋದಲ್ಲಿ ನೋಡಿದೀನಿ."

ಶನಿವಾರ ಬೆಳಿಗ್ಗೆ ವರಲಕ್ಷ್ಮಿ ರೇಷ್ಮೆ ಸೀರೆ ಉಟ್ಟು, ಬಳೆ, ಹಣ್ಣು, ತಾಂಬೂಲದ ಬುಟ್ಟಿ ಹಿಡಿದು ಬಂದಾಗ, ಸ್ಟಿಯರಿಂಗಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಮಿಕ್ಕ ಕೇಶವಮೂರ್ತಿಗಳು ಫ್ಯೂಸ್ ಪೆಟ್ಟಿಗೆಯೊಳಗಿದ್ದರು.

"ಎಷ್ಟು ಹೊತ್ತು ರೀ?"

"ಆಯ್ತು, ಆಯ್ತು. ಗಾಡಿ ಆಫ್ ಮಾಡಿದ್ರೆ ಇದು ಮಲಗಬೇಕು, ಕೀಲಿ ತಿರುಗಿಸಿದ್ರೆ ಏಳಬೇಕು. ಅಂಥ ಫ್ಯೂಸ್ ಹುಡುಕ್ತಿದೀನಿ."

ಮೊದಲು ಸಿಕ್ಕ ಫ್ಯೂಸಿನಲ್ಲಿ ಡಬ್ಬಿ ಮಲಗಲೇ ಇಲ್ಲ. ಇನ್ನೊಂದರಲ್ಲಿ ಏಳಲಿಲ್ಲ. ಮತ್ತೊಂದನ್ನು ಕಿತ್ತಾಗ ಹಾರನ್ನೇ ಹೋಯಿತು. ಅದನ್ನು ವಾಪಸ್ಸು ಹಾಕಿದ್ದು ಗೊತ್ತಾಗಲಿ ಎಂದು ಒತ್ತಿ ಇಡೀ ಬೀದಿಯನ್ನು ಎಬ್ಬಿಸಿದ್ದಾಯಿತು. ಕೊನೆಗೆ ಹೇಳಿದ ಮಾತು ಕೇಳುವ ಫ್ಯೂಸ್ ಸಿಕ್ಕಿತು. ಆಮೇಲೆ ವೈರನ್ನು ಬಾಗಿಲಂಚಿನ ಕಂಬದೊಳಗೆ ತುರುಕಿ, ಚಾವಣಿಯ ಬಟ್ಟೆಯ ಅಂಚಿನಲ್ಲಿ ಅಡಗಿಸಿ, ಕನ್ನಡಿಯವರೆಗೆ ತಂದರು. ಡಬ್ಬಿ ಅಲುಗಾಡಬಾರದಲ್ಲ! ಕನ್ನಡಿಯ ಪಕ್ಕ ಗಾಜಿಗೆ ಅಂಟು ಸುರಿದು ಅಂಟಿಸಿದರು. ವೈರು ಡಬ್ಬಿಗೆ ಸೇರುವ ಕಡೆಯೂ ಸಡಿಲವಾಗಬಾರದಲ್ಲ! ಅಲ್ಲಿಗೂ ಅಂಟು.

"ನೋಡು, ವೈರ್ ಎಲ್ಲಿದೆ ಹೇಳು? ಕಂಪನಿಯವರೇ ಮಾಡಿದಂಗಿದೆ."

ಗಂಟೆ ಒಂಬತ್ತಾಗಿತ್ತು. ಒಂದು ಗಂಟೆ ಉಳಿಸುವ ಡಬ್ಬಿ ಮೂರು ಗಂಟೆ ತಿಂದು, ಇನ್ನೂ ಮನೆಯ ಮುಂದೆಯೇ ಇತ್ತು.

ವರಲಕ್ಷ್ಮಿ ಕುಂಕುಮದ ಭರಣಿ ತೆಗೆದು ಡಬ್ಬಿಯ ಮುಖಕ್ಕೆ ಒಂದು ಬೊಟ್ಟಿಟ್ಟರು. ಮನೆಗೆ ಬಂದ ಯಾವ ಹೊಸ ವಸ್ತುವಿಗೂ ಅವರು ಹಾಗೇ. ಮಿಕ್ಸಿಗೆ ಇಟ್ಟಿದ್ದರು, ಪಾತ್ರೆ ತೊಳೆಯುವ ಮಷೀನಿಗೆ ಇಟ್ಟಿದ್ದರು, ಅಳಿಯನಿಗೂ ಇಟ್ಟಿದ್ದರು. ಇದೊಂದು ಏನು ಪಾಪ ಮಾಡಿತ್ತು?

ಪೊಟೋಮ್ಯಾಕ್ ನದಿಯ ಸೇತುವೆ ದಾಟಿದ್ದೇ ವರ್ಜೀನಿಯಾ. ಅಲ್ಲಿ ರಸ್ತೆಯ ಪಕ್ಕ ಒಂದು ಫಲಕ. ವರಲಕ್ಷ್ಮಿಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ದಾರಿಯ ಫಲಕಗಳನ್ನು ಕೂಡಿಸಿ ಕೂಡಿಸಿ ಓದುವುದು ಅವರ ಚಟ.

"ರೀ, ರಾಡಾರ್ ಡಿಟೆಕ್ಟರ್ ಇಲ್ಲೀಗಲ್ ಅಂತ ಬರೆದಿದೆ."

"ಏನು?"

"ಅದೇ, ನಿಮ್ಮ ಡಬ್ಬಿ. ಈ ರಾಜ್ಯದಲ್ಲಿ ಇಟ್ಕೊಳ್ಳೋ ಹಾಗಿಲ್ವಂತೆ."

ಕೇಶವಮೂರ್ತಿಗಳು ಈ ಸೇತುವೆ ದಾಟುತ್ತ ಮೂವತ್ತು ವರ್ಷವಾಗಿತ್ತು. ಆ ಫಲಕವನ್ನು ಓದದೇ ಇದ್ದವರೇನಲ್ಲ. ಬೇರೆಯವರ ಡಬ್ಬಿಗೆ ಬರೆದದ್ದು ತಮ್ಮ ತಲೆಯಲ್ಲಿ ಯಾಕೆ ನಿಲ್ಲಬೇಕು? ಇನ್ನು ಕ್ಯಾರಿ ತಲುಪುವ ದಾರಿಯ ಬಹುಪಾಲು ಇದೇ ವರ್ಜೀನಿಯಾ. ಅಂದರೆ, ಡಬ್ಬಿಯನ್ನು ಯಾವ ಪ್ರಯಾಣಕ್ಕೆಂದು ಕೂರಿಸಿದ್ದರೋ ಆ ಪ್ರಯಾಣದಲ್ಲೇ ಅದಕ್ಕೆ ಜಾಗವಿಲ್ಲ.

ಮೊದಲ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಎಳೆದರು. ಗಾಜು ಕಿರ್ ಎಂದಿತು. ಅಂಟು ಕಂಪನಿಯವರು ಡಬ್ಬದ ಮೇಲೆ ಬರೆದ ಮಾತಿಗೆ ತಪ್ಪುವವರಲ್ಲ. ಫ್ಯೂಸ್ ಕೀಳೋಣವೆಂದರೆ, ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಬಿಗಿದಾಗಿತ್ತು. ಸ್ಕ್ರೂ ಡ್ರೈವರ್ ಜರ್ಮನ್‌ಟೌನಿನ ಗ್ಯಾರೇಜಿನಲ್ಲಿ ಕ್ಷೇಮವಾಗಿತ್ತು.

ಆಗ ಅವರ ಕಣ್ಣು ಡಬ್ಬಿಯ ಮೇಲಿನ ಕುಂಕುಮದ ಮೇಲೆ ಬಿತ್ತು. ಮುಖ ಅರಳಿತು.

"ಆ ಹೂವಿನ ಮಾಲೆ ಕೊಡು ಇಲ್ಲಿ."

"ಅದು ರಚನಾ ಜಡೆಗೆ! ಕುಂಡದಲ್ಲಿ ಬೆಳೆಸಿದ ಮಲ್ಲಿಗೆ, ಒಂದೊಂದೇ ಮೊಗ್ಗು ಕೂಡಿಟ್ಟು ಕಟ್ಟಿದೀನಿ."

"ಅವಳ ಜಡೆ ಏನೂ ಇಲ್ಲೀಗಲ್ ಅಲ್ವಲ್ಲ! ಕೊಡು. ಕೇಳಿದ್ರೆ ದೇವರು ಅಂದ್ರಾಯ್ತು. ಕುಂಕುಮ ನೀನೇ ಇಟ್ಟಿದೀಯ."

ಡಬ್ಬಿಗೆ ಮಲ್ಲಿಗೆ ಸುತ್ತಿದರು. ಬುಟ್ಟಿಯ ಅರಿಸಿನದ ಕೊಂಬೂ ಒಂದು ಅದರ ಸೊಂಟಕ್ಕೆ ಸೇರಿತು. ಪೊಲೀಸರನ್ನು ಮೂಸುವ ಯಂತ್ರಕ್ಕೆ ಇಷ್ಟು ಲಕ್ಷಣವಾದ ಅಲಂಕಾರ ಹಿಂದೆಂದೂ ಆಗಿರಲಾರದು.

ದೇವರನ್ನು ಕೂರಿಸಿಕೊಂಡ ಮೇಲೆ ಕೇಶವಮೂರ್ತಿಗಳಿಗೆ ಭಯ ಶುರುವಾಯಿತು. ಪೊಲೀಸರ ಕಣ್ಣಿಗೆ ಬೀಳಬಾರದೆಂದು ನಿಧಾನ ಮಾಡಿದರು. ಆಮೇಲೆ ಇನ್ನೂ ನಿಧಾನ. ಹುಟ್ಟಿದಾಗಿನಿಂದ ಎಡಗಡೆಯ ಸಾಲು ಬಿಟ್ಟು ಗೊತ್ತಿಲ್ಲದ ಮನುಷ್ಯ. ಆ ವೇಗದ ಸಾಲಿನಲ್ಲೇ ಮೆರವಣಿಗೆಯಂತೆ ಹೊರಟರು. ಹಿಂದೆ ಲಾರಿಗಳು ಹಾರನ್ ಹೊಡೆದವು. ಪಕ್ಕದಲ್ಲಿ ದಾಟಿಹೋದ ಒಬ್ಬಳು ಮುದುಕಿ ಕೈಯಲ್ಲಿ ಏನೋ ಸನ್ನೆ ಮಾಡಿದಳು, ಆಶೀರ್ವಾದದಂತಿರಲಿಲ್ಲ.

"ರೀ, ಹೀಗೆ ಹೋದ್ರೆ ಮಗು ನಾಮಕರಣಕ್ಕೆ ತಲುಪ್ತೀವಿ."

"ನಿಂಗೊತ್ತಾಗಲ್ಲ ಸುಮ್ನಿರು. ನಿಧಾನವಾಗಿ ಹೋಗೋರನ್ನ ಯಾರೂ ಹಿಡಿಯಲ್ಲ."

ಅರ್ಧ ದಾರಿಯ ರಿಚ್ಮಂಡ್ ಊರೇ ಇನ್ನೂ ದೂರವಿತ್ತು. ಹಿಂದೆ ನೀಲಿ ದೀಪ ತಿರುಗಿತು.

ಇಷ್ಟು ವರ್ಷ ಹಾರಿ ಹಾರಿ ಸಿಕ್ಕಿಬಿದ್ದವರು, ಈ ಸಲ ತೆವಳಿ ಸಿಕ್ಕಿಬಿದ್ದರು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದರು. ಕೂಗುಡಬ್ಬಿ ಒಳ್ಳೆಯ ಮಗುವಿನಂತೆ ಮಲಗಿತು.

ಎತ್ತರದ ಪೊಲೀಸಿನವನು ಬಂದು ಕಿಟಕಿ ಇಳಿಸಲು ಬೆರಳಾಡಿಸಿದ. ಕಿಟಕಿ ಇಳಿಯಬೇಕಾದರೆ ಕೀಲಿ ತಿರುಗಿಸಬೇಕು. ಕೇಶವಮೂರ್ತಿಗಳು ತಿರುಗಿಸಿದರು.

ಪೊಲೀಸಿನವನು ವಿನಯವಾಗಿಯೇ ಕೇಳಿದ: ಎಡ ಸಾಲಿನಲ್ಲಿ ಇಷ್ಟು ನಿಧಾನವೇಕೆ, ಮೈ ಹುಷಾರಿಲ್ಲವೇ? ಅಷ್ಟರಲ್ಲಿ ಅವನ ಕಣ್ಣು ಹೂವಿನ ಮೇಲೆ ಹೋಯಿತು. ಅದೇನು ಎಂದ.

"ಗಾಡ್, ಸರ್. ಅವರ್ ಫ್ಯಾಮಿಲಿ ಗಾಡ್."

ಅಷ್ಟೊತ್ತಿಗೆ ದೇವರಿಗೆ ಪೂರ್ತಿ ಎಚ್ಚರವಾಗಿತ್ತು. ಹಿಂದೆ ನಿಂತ ಪೊಲೀಸ್ ಗಾಡಿಯ ರಾಡಾರ್ ಇನ್ನೂ ಆರಿರಲಿಲ್ಲ. ಮಲ್ಲಿಗೆಯೊಳಗಿನಿಂದ ಕೆಂಪು ಬೆಳಕು ಮಿನುಗಿ, ಹೆಣ್ಣಿನ ಗಟ್ಟಿ ದನಿ ಅಮೆರಿಕನ್ ಇಂಗ್ಲಿಷಿನಲ್ಲಿ ಪೊಲೀಸ್ ರಾಡಾರ್ ಹತ್ತಿರದಲ್ಲಿದೆ ಎಂದು ಕೂಗತೊಡಗಿತು. ಇದಕ್ಕಿಂತ ನಿಜವನ್ನು ಯಾವ ದೇವರು ಹೇಳಿಯಾನು?

ಪೊಲೀಸಿನವನು ಕೂಗು ಮುಗಿಯಲೆಂದು ಕಾದ. ಮುಗಿಯಲಿಲ್ಲ.

"ಇಟ್ ಈಸ್... ಮಂತ್ರ, ಸರ್. ವೆರಿ ಏನ್ಷಂಟ್. ಐ ವಿಲ್ ಎಕ್ಸ್‌ಪ್ಲೇನ್" ಎಂದು ಕೇಶವಮೂರ್ತಿಗಳು ಬೆಲ್ಟು ಸಡಿಲಿಸಿಕೊಂಡರು.

ಅವರು ವಿವರಿಸಲು ಕೂತರೆ ಏನಾಗುತ್ತದೆಂದು ವರಲಕ್ಷ್ಮಿಗೆ ಗೊತ್ತು. ಅಂಗಡಿಯಲ್ಲಿ ಟೀವಿ ವಾಪಸ್ಸು ಕೊಡುವಾಗ ನೋಡಿದ್ದರು, ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿಗೆ ನೋಡಿದ್ದರು. ವೇದಕಾಲದಿಂದ ಶುರುವಾಗಿ ಸಂಜೆಗೆ ಮುಗಿಯುತ್ತದೆ. ಗಡಿಯಾರ ಮೂರು ದಾಟಿಹೋಗುತ್ತದೆ, ಮಗಳ ಕೈ ಬರಿದಾಗಿರುತ್ತದೆ. ಗಂಡ ದೇವರೆಂದದ್ದನ್ನು ಅಲ್ಲವೆನ್ನುವುದು ಅವರಿಗೆ ಅಭ್ಯಾಸವಿರಲಿಲ್ಲ. ಆದರೂ ಮುಂದಕ್ಕೆ ಬಾಗಿದರು.

"ಆಫೀಸರ್. ನಾಟ್ ಗಾಡ್. ಡಿಟೆಕ್ಟರ್. ಹಸ್‌ಬೆಂಡ್ ಲೈಯಿಂಗ್."

"ವರೂ!"

"ಡಾಟರ್ ಪ್ರೆಗ್ನೆಂಟ್. ಐ ಗೋ, ಪುಟ್ ಬ್ಯಾಂಗಲ್. ತ್ರೀ ಓ ಕ್ಲಾಕ್. ಪ್ಲೀಸ್ ರೈಟ್ ಟಿಕೆಟ್ ಫಾಸ್ಟ್."

ಬುಟ್ಟಿಯ ಬಟ್ಟೆ ಸರಿಸಿ ಹಸಿರು ಬಳೆಗಳನ್ನು ತೋರಿಸಿದರು. ಇಷ್ಟು ವರ್ಷದ ನೌಕರಿಯಲ್ಲಿ ದಂಡದ ಚೀಟಿ ಬೇಗ ಬರೆಯಿರಿ ಎಂದು ಯಾರೂ ಅವನನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ನಗು ತಡೆದುಕೊಂಡು ಹೇಳಿದ: ಚೀಟಿ ಕೊಡಲೇಬೇಕು. ಆಮೇಲೆ ಆ ಯಂತ್ರದ ವೈರು ಬೇರೆಯಾಗದೆ ಗಾಡಿ ಇಲ್ಲಿಂದ ಕದಲುವಂತಿಲ್ಲ.

"ವೈರ್ ಸಿಗಲ್ಲ ಕಣೆ, ಒಳಗೇ ಹುದುಗಿಸಿ ಹಾರ್ಡ್‌ವೈರ್ ಮಾಡಿದೀನಿ" ಎಂದರು ಕೇಶವಮೂರ್ತಿಗಳು. ಆ ಹೊತ್ತಿನಲ್ಲೂ ದನಿಯಲ್ಲಿ ಒಂದು ಹೆಮ್ಮೆ.

ವರಲಕ್ಷ್ಮಿ ತಾಂಬೂಲದ ಬುಟ್ಟಿಯಿಂದ ಅಡಕತ್ತರಿ ತೆಗೆದರು. ಪೊಲೀಸಿನವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. "ಫಾರ್ ನಟ್" ಎಂದು ಅಡಿಕೆ ತೋರಿಸಿದ ಮೇಲೆ ಹೂಂ ಎಂದ.

"ಗಾಡಿ ಆರಿಸಿ" ಎಂದರು ಗಂಡನಿಗೆ.

"ಬೇಡ ಕಣೆ, ಬೆಳಿಗ್ಗೆಯಿಂದ ಎಷ್ಟು ನೀಟಾಗಿ..."

"ಆರಿಸಿ ಅಂದೆ."

ಆರಿಸಿದರು. ವರಲಕ್ಷ್ಮಿ ಮೊದಲು ಮಲ್ಲಿಗೆಯನ್ನು ಒಂದು ಮೊಗ್ಗೂ ಉದುರದಂತೆ ಬಿಡಿಸಿ ಬುಟ್ಟಿಗಿಟ್ಟರು. ಆಮೇಲೆ ಚಾವಣಿಯ ಅಂಚಿಗೆ ಉಗುರು ಹಾಕಿ ವೈರನ್ನು ಹೊರಗೆಳೆದು, ಅಡಕತ್ತರಿಯ ಬಾಯಿಗೆ ಕೊಟ್ಟು ಒತ್ತಿದರು. ಗೋಟಡಿಕೆಯಷ್ಟೂ ಕಷ್ಟ ಕೊಡಲಿಲ್ಲ. ಪೊಲೀಸಿನವನು ಚೀಟಿಗಳನ್ನು ಕೊಟ್ಟು, ಬಲಗಡೆಯ ಸಾಲಿನಲ್ಲಿ ಹೋಗಿ, ಆದರೆ ದಯವಿಟ್ಟು ಹೋಗಿ ಎಂದ. ಮಗಳಿಗೆ ಶುಭಾಶಯ ಹೇಳಿದ.

ಅಲ್ಲಿಂದ ಕೇಶವಮೂರ್ತಿಗಳು ಮಿತಿಗೆ ಸರಿಯಾಗಿ ಓಡಿಸಿದರು. ಎಲ್ಲರೂ ಹಾಗೇ ಓಡಿಸುತ್ತಾರೆ, ತಲುಪುತ್ತಾರೆ ಎಂಬುದನ್ನು ಈ ವಯಸ್ಸಿನಲ್ಲಿ ಕಣ್ಣಾರೆ ಕಂಡರು.

"ಪೊಲೀಸ್ ಮುಂದೆ ಗಂಡನ ಮಾನ ತೆಗೆದೆ."

"ಇನ್ನೊಂದು ಸಲ ತೆಗಿಯೋ ಹಂಗೆ ಮಾಡಬೇಡಿ. ಎಕ್ಸಿಟ್ ಬಂತು, ತಿರುಗಿ."

ಕ್ಯಾರಿಯ ಮನೆಯಲ್ಲಿ ರಚನಾ ಮಣೆಯ ಮೇಲೆ ಕೂತಾಗಿತ್ತು. ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಬಳೆ ಹಿಡಿದು ನಿಂತ ಶಾಂತಾಬಾಯಿ ಗಡಿಯಾರ ನೋಡುತ್ತಿದ್ದರು.

"ಕೈ ಕೊಡಮ್ಮ, ಮುಹೂರ್ತ ಮುಗಿಯುತ್ತೆ. ನಿಮ್ಮಮ್ಮ ಬಂದು ಆಮೇಲೆ ಹಾಕ್ತಾರೆ."

"ನೋ ಅತ್ತೆ. ಅಮ್ಮ ಫಸ್ಟ್. ಐ ಪ್ರಾಮಿಸ್ಡ್."

ಬಾಗಿಲು ತೆರೆಯಿತು. ವರಲಕ್ಷ್ಮಿ ಚಪ್ಪಲಿ ಬಿಟ್ಟದ್ದೆಲ್ಲೋ, ನೀರು ಕುಡಿಯಲೂ ನಿಲ್ಲಲಿಲ್ಲ. ಮಗಳ ಎದುರು ಕೂತು, ಕೈ ಹಿಡಿದು, ಬೆರಳು ಮಡಿಸಿ ಒತ್ತಿ, ಮೊದಲ ಹಸಿರು ಬಳೆಯನ್ನು ಏರಿಸಿದರು. ಗಾಜಿನ ಬಳೆ. ಒಂದೂ ಒಡೆಯಲಿಲ್ಲ. ಮಿಕ್ಕವುಗಳನ್ನು ಏರಿಸುವಾಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೈಗೆ ದಾರಿ ಗೊತ್ತಿತ್ತು.

ಹೊರಗೆ ಕೇಶವಮೂರ್ತಿಗಳು ಗಂಡಸರನ್ನು ಕಾರಿನ ಸುತ್ತ ನಿಲ್ಲಿಸಿಕೊಂಡಿದ್ದರು. ಯಾವ ಫ್ಯೂಸಿಗೆ ಕೊಡಬೇಕು, ವೈರನ್ನು ಹೇಗೆ ಅಡಗಿಸಬೇಕು ಎಂದು ಪಾಠ ನಡೆದಿತ್ತು. ಚಾವಣಿಯಿಂದ ಇಳಿಬಿದ್ದಿದ್ದ ತುಂಡು ವೈರಿನ ಬಗ್ಗೆ ಯಾರೋ ಕೇಳಿದರು. ಅದು ಸುರಕ್ಷತೆಗೆ ಎಂದರು.

ವರಲಕ್ಷ್ಮಿ ಮಗಳ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದರು. ರಚನಾ ಮೂಗು ಎಳೆದಳು.

"ಅಮ್ಮ, ಈ ಹೂವು ಯಾಕೆ ಗ್ಲೂ ತರ ಸ್ಮೆಲ್ ಬರ್ತಿದೆ? ಕುಂಕುಮನೂ ಇದೆ."

"ದೇವರ ಮೇಲಿನ ಹೂವು ಕಣೆ" ಎಂದರು ವರಲಕ್ಷ್ಮಿ, ಪಿನ್ನು ಚುಚ್ಚುತ್ತ. "ಕತ್ತು ಅಲ್ಲಾಡಿಸಬೇಡ."